'ವೆರಿ' ಬದಲು ಯಾವ ಪದ? ಪ್ರಶ್ನೆಯನ್ನೇ ಬದಲಿಸೋಣ

ಇಂಗ್ಲಿಷ್ ಬರವಣಿಗೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಪ್ಪದೆ ಬರುತ್ತಿರುತ್ತದೆ. ಎಲ್ಲದಕ್ಕೂ 'ವೆರಿ' ಬರೆದು ಬೇಸರವಾಗಿದೆ, ಅದರ ಬದಲು ಬಳಸಬಹುದಾದ ಪದಗಳ ಪಟ್ಟಿ ಕೊಡಿ ಎನ್ನುವ ಬೇಡಿಕೆ ಅದು. ಕೇಳುವವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದಾರೆ, ವಿದೇಶದಲ್ಲಿ ಓದಲು ಪರೀಕ್ಷೆ ಕಟ್ಟಿದವರಿದ್ದಾರೆ, ದಿನವಿಡೀ ಇಮೇಲ್ ಬರೆಯಬೇಕಾದ ಕಚೇರಿಯ ನೌಕರರಿದ್ದಾರೆ. ಹಾಗೆ ನೋಡಿದರೆ ಪಟ್ಟಿಗೇನೂ ಬರವಿಲ್ಲ. ಕೋಚಿಂಗ್ ಸೆಂಟರುಗಳು ಹಂಚುತ್ತವೆ, ಮೊಬೈಲಿನಿಂದ ಮೊಬೈಲಿಗೆ ದಾಟುತ್ತವೆ. ಕೆಳಗೆ 'ಸ್ಲೈಟ್ಲಿ', ಅದರ ಮೇಲೆ 'ಫೇರ್ಲಿ', 'ಕ್ವೈಟ್', 'ರಾದರ್', ಆಮೇಲೆ 'ವೆರಿ', 'ಹೈಲಿ', 'ಎಕ್ಸ್‌ಟ್ರೀಮ್ಲಿ', ಎಲ್ಲಕ್ಕಿಂತ ಮೇಲೆ 'ಅಟರ್ಲಿ', 'ಆಬ್ಸಲ್ಯೂಟ್ಲಿ'. ಎಷ್ಟು ಜೋರಾಗಿ ಹೇಳಬೇಕೋ ಅಷ್ಟು ಜೋರಿನ ಪದವನ್ನು ಆರಿಸಿಕೊಂಡರೆ ಆಯಿತು ಎಂಬ ಭರವಸೆಯನ್ನು ಇಂಥ ಪಟ್ಟಿ ಕೊಡುತ್ತದೆ. ಆ ಭರವಸೆಯೇ ತಪ್ಪು ಎಂಬುದು ನನ್ನ ವಾದ. ವ್ಯಾಕರಣದ ಪುಸ್ತಕಗಳು 'ಆಡ್ವರ್ಬ್ಸ್ ಆಫ್ ಡಿಗ್ರಿ' ಎಂದು ಒಂದೇ ಹೆಸರಿನಡಿ ಕಟ್ಟಿಡುವ ಈ ಪ್ರಮಾಣಸೂಚಕ ಪದಗಳು ಒಂದೇ ಗೆರೆಯ ಮೇಲೆ ಏರಿಳಿಯುವುದಿಲ್ಲ. ಯಾವುದನ್ನು ಬಳಸಬೇಕು ಎಂಬುದು ಅದರ ಜೋರಿನಿಂದ ತೀರ್ಮಾನವಾಗುವುದು ಕಡಿಮೆ. ಮುಂದೆ ಬರುವ ಗುಣವಾಚಕ ಎಂಥದ್ದು, ರೂಢಿಯಲ್ಲಿ ಅದರ ಜೊತೆಗಾರರು ಯಾರು, ಹೇಳುವವರ ಮನಸ್ಸಿನಲ್ಲಿ ಮೆಚ್ಚುಗೆಯಿದೆಯೋ ಅಸಮಾಧಾನವಿದೆಯೋ ಎಂಬುದರಿಂದಲೇ ಬಹುಪಾಲು ತೀರ್ಮಾನವಾಗುತ್ತದೆ.

ಗುಣವಾಚಕದಿಂದಲೇ ಶುರು ಮಾಡೋಣ. ಹಾಲನ್ನು ಗಜದಲ್ಲಿ ಅಳೆಯುವುದಿಲ್ಲ, ಬಟ್ಟೆಯನ್ನು ಸೇರಿನಲ್ಲಿ ಅಳೆಯುವುದಿಲ್ಲ. ಅಳೆಯುವ ವಸ್ತು ಯಾವುದು ಎಂದು ತಿಳಿಯದೆ ಅಳತೆ ಆರಿಸಲಾಗದು. ಗುಣಗಳೂ ಅಷ್ಟೇ. ಎತ್ತರ, ದುಬಾರಿ, ಸುಂದರ, ಒಳ್ಳೆಯ ಎಂಬಂಥ ಗುಣಗಳಿಗೆ ಮೇಲ್ತುದಿಯೆಂಬುದಿಲ್ಲ. ಒಬ್ಬ ಎಷ್ಟೇ ಎತ್ತರವಿದ್ದರೂ ಅವನಿಗಿಂತ ಎತ್ತರದವನನ್ನು ಊಹಿಸಿಕೊಳ್ಳಬಹುದು. ಆದ್ದರಿಂದಲೇ ಇಂಗ್ಲಿಷಿನಲ್ಲಿ 'ವೆರಿ ಟಾಲ್' ಸರಿ, 'ಕಂಪ್ಲೀಟ್ಲಿ ಟಾಲ್' ಎಂದರೆ ಅರ್ಥವೇ ಹುಟ್ಟುವುದಿಲ್ಲ. ಪೂರ್ತಿಯಾಗಲು ಅಲ್ಲಿ ಕೊನೆಯೇ ಇಲ್ಲವಲ್ಲ! ಆದರೆ ತುಂಬಿದ, ಖಾಲಿಯಾದ, ನೇರವಾದ, ಮುಚ್ಚಿದ ಎಂಬ ಗುಣಗಳಿಗೆ ಒಂದು ಕೊನೆಯಿದೆ. ಕೊಡ ತುಂಬಿತೆಂದರೆ ತುಂಬಿತು. ಅಲ್ಲಿ 'ಕಂಪ್ಲೀಟ್ಲಿ ಫುಲ್', 'ಆಲ್‌ಮೋಸ್ಟ್ ಫುಲ್', 'ಹಾಫ್ ಫುಲ್' ಎಲ್ಲವೂ ಸಲ್ಲುತ್ತವೆ. ಇನ್ನೂ ಸ್ವಾರಸ್ಯವಾದದ್ದು ಒದ್ದೆ ಮತ್ತು ಒಣ ಎಂಬ ಜೋಡಿ. ಹಗ್ಗದ ಮೇಲೆ ಹಾಕಿದ ಅಂಗಿಯ ಕಾಲರಿನಲ್ಲಿ ತುಸು ತೇವ ಉಳಿದಿದ್ದರೂ ಅದು ಒದ್ದೆಯೇ. ಒಣಗಿದೆ ಎನ್ನಬೇಕಾದರೆ ಎಲ್ಲೂ ಹನಿ ತೇವವಿರಬಾರದು. ಒದ್ದೆತನ ಶುರುವಾಗುವ ಗೆರೆಯೊಂದಿದೆ, ಒಣಗುವಿಕೆ ಮುಗಿಯುವ ಗೆರೆಯೊಂದಿದೆ. ಅದಕ್ಕೇ ಇಂಗ್ಲಿಷಿನವರು 'ಸ್ಲೈಟ್ಲಿ ವೆಟ್' ಎನ್ನುತ್ತಾರೆ, 'ಕಂಪ್ಲೀಟ್ಲಿ ಡ್ರೈ' ಎನ್ನುತ್ತಾರೆ. ಒಣಗುತ್ತಿರುವ ಬಟ್ಟೆಗೆ 'ಸ್ಲೈಟ್ಲಿ ಡ್ರೈ' ಎಂದರೆ ಅವರ ಕಿವಿಗೆ ಒಗ್ಗುವುದಿಲ್ಲ, 'ಆಲ್‌ಮೋಸ್ಟ್ ಡ್ರೈ' ಎಂದೇ ಹೇಳುತ್ತಾರೆ. ಕ್ರಿಸ್ಟಫರ್ ಕೆನಡಿ ಮತ್ತು ಲೂಯಿಸ್ ಮೆಕ್‌ನಲಿ ಎಂಬ ಭಾಷಾವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಗುಣವಾಚಕಗಳನ್ನು ಹೀಗೆ ತುದಿಯುಳ್ಳವು, ತುದಿಯಿಲ್ಲದವು ಎಂದು ವಿಂಗಡಿಸಿ, ಯಾವ ಪ್ರಮಾಣಸೂಚಕ ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ಆ ವಿಂಗಡಣೆಯಿಂದಲೇ ವಿವರಿಸುತ್ತದೆ. 'ಸ್ಲೈಟ್ಲಿ'ಯಿಂದ 'ಕಂಪ್ಲೀಟ್ಲಿ'ವರೆಗೆ ಒಂದೇ ಸಾಲು ಎಂದು ನಂಬಿ ಕಲಿತವರಿಗೆ ಈ ಭೇದ ಕಾಣಿಸುವುದೇ ಇಲ್ಲ.

ಮೂರನೆಯ ಬಗೆಯ ಗುಣವಾಚಕಗಳೂ ಇವೆ. ಅವು ಹುಟ್ಟುವಾಗಲೇ ತುದಿಯಲ್ಲಿ ನಿಂತಿರುತ್ತವೆ. 'ಟಯರ್ಡ್' ಎಂದರೆ ದಣಿದ, 'ಎಗ್ಸಾಸ್ಟೆಡ್' ಎಂದರೆ ಇನ್ನು ಒಂದು ಹೆಜ್ಜೆಯೂ ಆಗದು ಎನ್ನುವಷ್ಟು ದಣಿದ. 'ಹಂಗ್ರಿ'ಯ ಮುಂದೆ 'ಸ್ಟಾರ್ವಿಂಗ್', 'ಕೋಲ್ಡ್'ನ ಮುಂದೆ 'ಫ್ರೀಜಿಂಗ್', 'ಬಿಗ್'ನ ಮುಂದೆ 'ಎನಾರ್ಮಸ್' ಹೀಗೆಯೇ ನಿಲ್ಲುತ್ತವೆ. 'ವೆರಿ' ಎಂಬ ಮಾತು ಇವುಗಳೊಳಗೇ ಅಡಕವಾಗಿರುವುದರಿಂದ 'ವೆರಿ ಎನಾರ್ಮಸ್' ಎನ್ನುವುದು ಇಂಗ್ಲಿಷಿನ ಜಾಯಮಾನಕ್ಕೆ ಹೊಂದುವುದಿಲ್ಲ. ಇವಕ್ಕೆ ಬೇಕಾದದ್ದು 'ಆಬ್ಸಲ್ಯೂಟ್ಲಿ'. ಅದು ಮೇಲಕ್ಕೆ ಏರಿಸುವ ಪದವಲ್ಲ, ಏರಿದ್ದು ನಿಜ ಎಂದು ಖಚಿತಪಡಿಸುವ ಪದ. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ಬೃಹತ್ ಇಂಗ್ಲಿಷ್ ವ್ಯಾಕರಣ ಕೂಡ ಹೆಚ್ಚಿಸುವ ಪದಗಳನ್ನು ಎರಡಾಗಿ ಒಡೆಯುತ್ತದೆ: ತುದಿಯನ್ನು ಮುಟ್ಟಿಸುವವು ಒಂದು ಗುಂಪು, ತುದಿಯ ಗೊಡವೆಯಿಲ್ಲದೆ ಮೇಲಕ್ಕೆತ್ತುವವು ಇನ್ನೊಂದು. ತಗ್ಗಿಸುವ ಪದಗಳಲ್ಲೂ ಅದು ನಾಲ್ಕು ಬಗೆಗಳನ್ನು ಗುರುತಿಸುತ್ತದೆ. ಪಟ್ಟಿಯಲ್ಲಿ ಅಕ್ಕಪಕ್ಕ ಕೂತ 'ಎಕ್ಸ್‌ಟ್ರೀಮ್ಲಿ' ಮತ್ತು 'ಆಬ್ಸಲ್ಯೂಟ್ಲಿ' ಹೀಗೆ ಬೇರೆ ಬೇರೆ ಕೆಲಸದ ಪದಗಳು. 'ಕ್ವೈಟ್' ಎಂಬ ಪದವಂತೂ ಎರಡೂ ಕಡೆ ಕೆಲಸ ಮಾಡುತ್ತದೆ. 'ಕ್ವೈಟ್ ಗುಡ್' ಎಂದಾಗ ತಕ್ಕಮಟ್ಟಿಗೆ ಚೆನ್ನಾಗಿದೆ ಎಂದರ್ಥ. 'ಕ್ವೈಟ್ ಇಂಪಾಸಿಬಲ್' ಎಂದಾಗ ತಕ್ಕಮಟ್ಟಿಗೆ ಅಸಾಧ್ಯ ಎಂದಲ್ಲ, ಖಂಡಿತ ಅಸಾಧ್ಯ ಎಂದರ್ಥ. ಪದ ಒಂದೇ, ಗುಣವಾಚಕ ಬದಲಾದಾಗ ಅರ್ಥ ತಿರುಗಿತು. ಇಂಥ ಪದಕ್ಕೆ ಪಟ್ಟಿಯಲ್ಲಿ ಯಾವ ಜಾಗ ಕೊಡುವುದು?

ಕನ್ನಡಿಗರು ಹೆಚ್ಚು ಎಡವುವುದು ಇನ್ನೊಂದು ಜಾಗದಲ್ಲಿ, 'ಟೂ' ಮತ್ತು 'ಮಚ್' ಎಂಬ ಪದಗಳ ಬಳಿ. ಕಾರಣ ಸರಳ. ನಮ್ಮ 'ತುಂಬಾ' ಬಹಳ ಉದಾರಿ. ಕಾಫಿ ತುಂಬಾ ಬಿಸಿಯಾಗಿದೆ, ಇದಕ್ಕಿಂತ ಅದು ತುಂಬಾ ಚೆನ್ನಾಗಿದೆ, ಆ ಹಾಡು ನನಗೆ ತುಂಬಾ ಇಷ್ಟ, ಈ ಅಂಗಿ ನನಗೆ ತುಂಬಾ ದೊಡ್ಡದು ಎಂದು ನಾಲ್ಕು ಕಡೆ ನಾಲ್ಕು ಕೆಲಸ ಮಾಡಿಬರುತ್ತದೆ. ಇಂಗ್ಲಿಷ್ ಈ ಕೆಲಸಗಳನ್ನು ಹಂಚಿಕೊಟ್ಟಿದೆ. 'ವೆರಿ' ಒಂದು ಗುಣ ಎಲ್ಲಿ ನಿಂತಿದೆ ಎಂದು ಹೇಳುತ್ತದೆ. 'ಮಚ್' ಎರಡರ ನಡುವಿನ ಅಂತರವನ್ನು ಹೇಳುತ್ತದೆ. ಅದಕ್ಕೇ 'ವೆರಿ ಗುಡ್' ಸರಿ, 'ವೆರಿ ಬೆಟರ್' ತಪ್ಪು. 'ಮಚ್ ಬೆಟರ್', 'ಫಾರ್ ಬೆಟರ್' ಎನ್ನಬೇಕು. 'ಐ ವೆರಿ ಲೈಕ್' ಎನ್ನುವಂತಿಲ್ಲ, ಕ್ರಿಯಾಪದದ ಬಳಿ 'ವೆರಿ' ಒಂಟಿಯಾಗಿ ಬರುವುದಿಲ್ಲ, 'ಮಚ್' ಜೊತೆಗೆ ಬರಬೇಕು. 'ಟೂ' ಕೂಡ ಅಂತರದ ಪದವೇ. ಒಂದು ಮಿತಿಯಿದೆ, ಅದನ್ನು ದಾಟಿದೆ ಎಂದು ಅದು ಹೇಳುತ್ತದೆ. ದಾಟಿದ ದೂರವನ್ನು ಅಳೆಯಬಹುದಾದ್ದರಿಂದ 'ಮಚ್ ಟೂ', 'ಫಾರ್ ಟೂ' ಎಂಬ ಜೋಡಿಗಳು ಹುಟ್ಟುತ್ತವೆ, 'ವೆರಿ ಟೂ' ಹುಟ್ಟುವುದಿಲ್ಲ. ಈ ತರ್ಕ ಒಮ್ಮೆ ಮನಸ್ಸಿಗೆ ಹತ್ತಿದರೆ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ. ಕನ್ನಡದಲ್ಲಿ ಮಿತಿ ದಾಟಿದ್ದನ್ನು ಹೇಳಲು ವಾಕ್ಯರಚನೆಯೇ ಬೇರೆ ಇದೆ: ಕುಡಿಯಲಾಗದಷ್ಟು ಬಿಸಿ, ಹೊರಲಾರದಷ್ಟು ಭಾರ. ಪರಿಣಾಮವನ್ನು ಮುಂದಿಟ್ಟು 'ಅಷ್ಟು' ಎಂದು ಅಳೆಯುತ್ತೇವೆ. ಆ 'ಲಾರದಷ್ಟು' ಎಂಬುದು ಮನಸ್ಸಿನಲ್ಲಿ ಇದ್ದಾಗ ಮಾತ್ರ 'ಟೂ' ಬರೆಯಬೇಕು. ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೂಬೇಕು: ನಮ್ಮ ದೇಶದಲ್ಲಿ 'ಟೂ ಗುಡ್' ಎಂದು ಮೆಚ್ಚಿಕೊಳ್ಳುವುದು ರೂಢಿ, ಅದು ಭಾರತೀಯ ಇಂಗ್ಲಿಷಿನ ಸ್ವಂತ ಸೊತ್ತು, ತಪ್ಪೆಂದು ತಿದ್ದಲು ನಾವ್ಯಾರು? ಒಪ್ಪತಕ್ಕ ಮಾತು. ಸಂಗೀತ ಕಛೇರಿ ಮುಗಿದ ಮೇಲೆ 'ಟೂ ಗುಡ್' ಎಂದರೆ ಯಾವ ಭಾರತೀಯನಿಗೂ ಗೊಂದಲವಾಗುವುದಿಲ್ಲ. ಆದರೆ ಔಷಧದ ಪ್ರಮಾಣ 'ವೆರಿ ಹೈ' ಎಂದರೆ ಬೇಕೆಂದೇ ಹೆಚ್ಚು ಕೊಟ್ಟಿರಬಹುದು, 'ಟೂ ಹೈ' ಎಂದರೆ ಅಪಾಯದ ಗೆರೆ ದಾಟಿದೆ, ತಕ್ಷಣ ಇಳಿಸಬೇಕು. ಮೆಚ್ಚುಗೆಯಲ್ಲಿ ಸಲ್ಲುವ ಸಲುಗೆ ವರದಿಯಲ್ಲಿ ಸಲ್ಲದು.

ಈಗ ಜೊತೆಗಾರಿಕೆಯ ವಿಚಾರ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇಲ್ಲೇ, ಮತ್ತು ಕನ್ನಡ ಬಲ್ಲವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಬಡವ ಕಡುಬಡವನಾಗುತ್ತಾನೆ, ಶ್ರೀಮಂತ ಆಗರ್ಭ ಶ್ರೀಮಂತನಾಗುತ್ತಾನೆ. ಯಾರೂ ಆಗರ್ಭ ಬಡವ ಎನ್ನುವುದಿಲ್ಲ. ಮೂರ್ಖ ಶತಮೂರ್ಖನಾಗಬಹುದು, ಜಾಣ ಶತಜಾಣನಾಗುವುದಿಲ್ಲ. ಹಸಿರಿಗೆ ಹಚ್ಚಹಸಿರು, ಹೊಸದಕ್ಕೆ ಹೊಚ್ಚಹೊಸತು, ಕತ್ತಲೆಗೆ ಕಗ್ಗತ್ತಲೆ, ನಡುವಿಗೆ ನಟ್ಟನಡು, ತುದಿಗೆ ತುತ್ತತುದಿ. ಹಾಗೆಯೇ ಭಕ್ತ ಪರಮಭಕ್ತ, ವೈರಿ ಬದ್ಧವೈರಿ. ಇವೆಲ್ಲವೂ 'ಬಹಳ' ಎಂಬ ಒಂದೇ ಅರ್ಥವನ್ನು ಕೊಡುತ್ತವೆ, ಆದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ. ಕನ್ನಡ ಕಲಿಯುವ ಪರಭಾಷಿಕರಿಗೆ 'ಕಡು, ಶತ, ಹಚ್ಚ, ಆಗರ್ಭ, ಪರಮ: ಇವು ಬಹಳ ಎಂಬುದರ ಸಮಾನಾರ್ಥಕಗಳು' ಎಂದು ಪಟ್ಟಿ ಕೊಟ್ಟರೆ ಅವರು ಎಂಥ ಕನ್ನಡ ಬರೆದಾರು ಎಂದು ಊಹಿಸಿ ನೋಡಿ. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ನಾವು ಕೊಡುತ್ತಿರುವುದು ಅಂಥದ್ದೇ ಪಟ್ಟಿಯನ್ನು. 'ಹೈಲಿ' ಎಂಬುದು 'ರೆಕಮೆಂಡೆಡ್', 'ಸಕ್ಸೆಸ್‌ಫುಲ್', 'ಎಜುಕೇಟೆಡ್', 'ಅನ್‌ಲೈಕ್ಲಿ' ಇವುಗಳ ಸಂಗಾತಿ. 'ಹೈಲಿ ಹ್ಯಾಪಿ', 'ಹೈಲಿ ಟಯರ್ಡ್' ಎಂದರೆ ಕಿವಿ ಒಪ್ಪುವುದಿಲ್ಲ. 'ಡೀಪ್ಲಿ' ಒಳಗಿನ ಭಾವನೆಗಳಿಗೆ ಸೇರಿದ್ದು: 'ಡೀಪ್ಲಿ ಗ್ರೇಟ್‌ಫುಲ್', 'ಡೀಪ್ಲಿ ಹರ್ಟ್'. 'ಸ್ಟ್ರಾಂಗ್ಲಿ' ಅಭಿಪ್ರಾಯಕ್ಕೆ: 'ಸ್ಟ್ರಾಂಗ್ಲಿ ಅಪೋಸ್'. 'ಬಿಟರ್ಲಿ' ನಿರಾಶೆಗೂ ಕೊರೆಯುವ ಚಳಿಗೂ. ಕಾಯಿಲೆ 'ಸೀರಿಯಸ್ಲಿ', ಹಾನಿ 'ಬ್ಯಾಡ್ಲಿ' ಇಲ್ಲವೇ 'ಸಿವಿಯರ್ಲಿ', ಶಸ್ತ್ರಸಜ್ಜಿತ ಎನ್ನಲು 'ಹೆವಿಲಿ'. ಗಾಢ ನಿದ್ದೆಯಲ್ಲಿರುವವರು 'ಫಾಸ್ಟ್ ಅಸ್ಲೀಪ್', ಪೂರ್ತಿ ಎಚ್ಚರವಾಗಿರುವವರು 'ವೈಡ್ ಅವೇಕ್', ಕಗ್ಗತ್ತಲೆ 'ಪಿಚ್ ಡಾರ್ಕ್', ಹೊಚ್ಚಹೊಸತು 'ಬ್ರ್ಯಾಂಡ್ ನ್ಯೂ'. ಇವನ್ನು ಜೋಡಿಯಾಗಿಯೇ ಕಲಿಯಬೇಕು, ಬಿಡಿಸಿ ಕಲಿತರೆ ಉಪಯೋಗವಿಲ್ಲ.

ಜೊತೆಗಾರಿಕೆ ಬರೀ ರೂಢಿಯ ಮಾತೂ ಅಲ್ಲ, ಅದರಿಂದ ಪದಕ್ಕೆ ಒಂದು ಗುಣವೂ ಅಂಟಿಕೊಳ್ಳುತ್ತದೆ. 'ಅಟರ್ಲಿ' ಎಂಬುದಕ್ಕೆ ನಿಘಂಟು 'ಸಂಪೂರ್ಣವಾಗಿ' ಎಂದಷ್ಟೇ ಅರ್ಥ ಕೊಡುತ್ತದೆ. ಆದರೆ ಕಂಪ್ಯೂಟರಿನಲ್ಲಿ ಸಂಗ್ರಹಿಸಿದ ಅಪಾರ ಪಠ್ಯಗಳಲ್ಲಿ ಅದರ ಬಳಕೆಯನ್ನು ಹುಡುಕಿ ನೋಡಿದ ಬಿಲ್ ಲೌ ಎಂಬ ಸಂಶೋಧಕರು 1993ರಲ್ಲಿ ತೋರಿಸಿಕೊಟ್ಟ ಹಾಗೆ, ಅದರ ಪಕ್ಕದಲ್ಲಿ ಬರುವ ಪದಗಳಲ್ಲಿ ಬಹುಪಾಲು ಅಹಿತದವು: ಅರ್ಥಹೀನ, ಹಾಸ್ಯಾಸ್ಪದ, ಗೊಂದಲ, ಅಸಮರ್ಥ ಎಂಬಂಥವು. 'ಪರ್ಫೆಕ್ಟ್ಲಿ' ಎಂಬುದಕ್ಕೂ ನಿಘಂಟಿನ ಅರ್ಥ ಹೆಚ್ಚುಕಡಿಮೆ ಅದೇ, ಆದರೆ ಅದು ಹೆಚ್ಚಾಗಿ ಒಡನಾಡುವುದು ಸುರಕ್ಷಿತ, ಸಹಜ, ಸ್ಪಷ್ಟ, ಸಮರ್ಥ ಎಂಬ ಪದಗಳೊಡನೆ. ಹಾಗಾದರೆ ನಮ್ಮ ಅಮುಲ್ ಬೆಣ್ಣೆಯ 'ಅಟರ್ಲಿ ಬಟರ್ಲಿ ಡೆಲಿಶಸ್'? 1966ರಲ್ಲಿ ಶುರುವಾದ ಆ ಜಾಹೀರಾತು ದೇಶದ ಮನೆಮಾತಾಯಿತಲ್ಲ, ಅಲ್ಲಿ ರುಚಿಗೆ 'ಅಟರ್ಲಿ' ಸೇರಿಲ್ಲವೇ ಎಂದು ಯಾರಾದರೂ ಕೇಳಬಹುದು. ಸೇರಿದೆ, ಮತ್ತು ಸೊಗಸಾಗಿದೆ. ಪ್ರಾಸ ಅದನ್ನು ಅಲ್ಲಿಗೆ ಎಳೆದು ತಂದಿದೆ. ರೂಢಿಯ ಜಾಡು ಬಿಟ್ಟದ್ದರಿಂದಲೇ ಅದು ಕಿವಿಯಲ್ಲಿ ನಿಂತಿದೆ. ಜಾಹೀರಾತು ಬರೆಯುವವರು ಜಾಡು ಬಿಡಬೇಕಾದದ್ದೇ. ಉದ್ಯೋಗಕ್ಕೆ ಅರ್ಜಿ ಬರೆಯುವವರು ತಮ್ಮನ್ನು 'ಅಟರ್ಲಿ ಕ್ವಾಲಿಫೈಡ್' ಎಂದು ಕರೆದುಕೊಂಡರೆ ಓದುವವರ ಹುಬ್ಬೇರುತ್ತದೆ.

ಹೇಳುವವರ ಮನಸ್ಸು ಪದದೊಳಗೆ ಸೇರಿಕೊಳ್ಳುವುದಕ್ಕೆ ಇನ್ನೂ ನಯವಾದ ಉದಾಹರಣೆ 'ಫೇರ್ಲಿ' ಮತ್ತು 'ರಾದರ್'. ಎರಡೂ 'ಸುಮಾರಾಗಿ' ಎನ್ನುವ ಮಟ್ಟದವು. ಸ್ನಾನದ ನೀರು 'ಫೇರ್ಲಿ ಹಾಟ್' ಎಂದರೆ ಸಾಕಷ್ಟು ಕಾದಿದೆ, ಹೋಗಿ ಸ್ನಾನ ಮಾಡಬಹುದು. 'ರಾದರ್ ಹಾಟ್' ಎಂದರೆ ಬೇಕಾದದ್ದಕ್ಕಿಂತ ಹೆಚ್ಚೇ ಕಾದಿದೆ ಎಂಬ ಗೊಣಗು ಅದರಲ್ಲಿದೆ. ಬಿಸಿ ಅಷ್ಟೇ, ಒಂದರಲ್ಲಿ ಒಪ್ಪಿಗೆಯಿದೆ, ಇನ್ನೊಂದರಲ್ಲಿ ಇಲ್ಲ. 'ಅ ಬಿಟ್' ಕೂಡ ಬಹುಮಟ್ಟಿಗೆ ಕೊರತೆ ಹೇಳಲು ಬರುತ್ತದೆ: 'ಅ ಬಿಟ್ ಎಕ್ಸ್‌ಪೆನ್ಸಿವ್' ಸರಿ, 'ಅ ಬಿಟ್ ನೈಸ್' ಕೇಳಿಬರುವುದು ಅಪರೂಪ. 'ನಾಟ್ ವೆರಿ ಗುಡ್' ಎಂಬುದನ್ನು 'ಬಹಳ ಚೆನ್ನಾಗಿಲ್ಲ, ಆದರೆ ಚೆನ್ನಾಗಿದೆ' ಎಂದು ಓದಿಕೊಂಡವರು ಮೋಸ ಹೋಗುತ್ತಾರೆ. ಅದು ನಮ್ಮ 'ಅಷ್ಟೇನೂ ಚೆನ್ನಾಗಿಲ್ಲ' ಎಂಬುದಕ್ಕೆ ಸಮ, ಅಂದರೆ ಚೆನ್ನಾಗಿಲ್ಲ ಎಂದೇ ಅರ್ಥ. ಇನ್ನು 'ಕ್ವೈಟ್ ಗುಡ್' ಎಂಬುದು ಅಟ್ಲಾಂಟಿಕ್ ಸಾಗರ ದಾಟುವಾಗ ತೂಕ ಬದಲಿಸುತ್ತದೆ. ಬ್ರಿಟನ್ನಿನಲ್ಲಿ ಅದು ಸುಮಾರಾದ ಮೆಚ್ಚುಗೆ, ಅಮೆರಿಕದಲ್ಲಿ ನಿಜವಾದ ಮೆಚ್ಚುಗೆ. ಬೆಂಗಳೂರಿನ ಒಂದೇ ತಂಡ ಲಂಡನ್ನಿಗೂ ಕ್ಯಾಲಿಫೋರ್ನಿಯಾಕ್ಕೂ ಕೆಲಸ ಮಾಡಿಕೊಡುವ ಈ ಕಾಲದಲ್ಲಿ, ಕೆಲಸದ ಬಗ್ಗೆ ಬಂದ ಆ ಎರಡು ಪದಗಳ ಇಮೇಲನ್ನು ಯಾರು ಬರೆದಿದ್ದಾರೆ ಎಂದು ನೋಡದೆ ಓದಿಕೊಳ್ಳುವುದು ಒಳ್ಳೆಯದಲ್ಲ.

ಹಾಗಾದರೆ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದ ಸಾಲು ಎಲ್ಲೂ ಇಲ್ಲವೇ ಎಂದರೆ, ಇದೆ. ಮನುಷ್ಯರು ಕೂತು ಒಪ್ಪಂದ ಮಾಡಿಕೊಂಡ ಕಡೆಗಳಲ್ಲಿ ಇದೆ. ಭಾರತೀಯ ಹವಾಮಾನ ಇಲಾಖೆಯ ಮಟ್ಟಿಗೆ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್‌ವರೆಗಿನ ಮಳೆ 'ಹೆವಿ', 115.6ರಿಂದ 204.4ರವರೆಗೆ 'ವೆರಿ ಹೆವಿ'. ಅದನ್ನೂ ಮೀರಿದರೆ 'ಎಕ್ಸ್‌ಟ್ರೀಮ್ಲಿ ಹೆವಿ'. ಇಲ್ಲಿ 'ವೆರಿ'ಯನ್ನು ಶೈಲಿಯ ಸಲುವಾಗಿ 'ಎಕ್ಸ್‌ಟ್ರೀಮ್ಲಿ' ಎಂದು ಬದಲಿಸಿದರೆ ಸುಳ್ಳು ಸುದ್ದಿ ಕೊಟ್ಟ ಹಾಗೆ. ಚಂಡಮಾರುತಗಳಿಗೂ ಹೀಗೆಯೇ ಗೆರೆಗಳಿವೆ: ಗಾಳಿಯ ವೇಗ 64ರಿಂದ 89 ನಾಟ್ ಇದ್ದರೆ 'ವೆರಿ ಸಿವಿಯರ್', 90ರಿಂದ 119 ನಾಟ್ ಇದ್ದರೆ 'ಎಕ್ಸ್‌ಟ್ರೀಮ್ಲಿ ಸಿವಿಯರ್'. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಕಂಗೆಡಿಸಿ ಗುಜರಾತಿನತ್ತ ಸಾಗಿದ ತೌಕ್ತೆ ಎರಡನೆಯ ದರ್ಜೆ ಮುಟ್ಟಿತ್ತು. ಹವಾಮಾನ ವರದಿಯನ್ನು ಕನ್ನಡಕ್ಕೆ ತರುವ ನಮ್ಮ ಸುದ್ದಿಮನೆಗಳು 'ಭಾರಿ', 'ಧಾರಾಕಾರ', 'ಕುಂಭದ್ರೋಣ' ಎಂದು ಚಂದ ನೋಡಿ ಪದ ಹಾಕುವಾಗ ಆ ಗೆರೆಗಳು ಅಳಿಸಿಹೋಗುತ್ತವೆ ಎಂಬುದು ನನ್ನ ದೂರು. ಕೊಡಗಿನ ಅಥವಾ ಆಗುಂಬೆ ಕಡೆಯ ಓದುಗರಿಗೆ 100 ಮಿಲಿಮೀಟರಿಗೂ 210 ಮಿಲಿಮೀಟರಿಗೂ ಇರುವ ವ್ಯತ್ಯಾಸ ಬದುಕಿನ ಪ್ರಶ್ನೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ ಕತೆ ಇನ್ನೂ ಗಮನಾರ್ಹ. ಭೂಮಿ ಬಿಸಿಯೇರಲು ಮನುಷ್ಯನ ಚಟುವಟಿಕೆಯೇ ಮುಖ್ಯ ಕಾರಣ ಎಂಬುದಕ್ಕೆ ಅದರ 2001ರ ವರದಿ 'ಲೈಕ್ಲಿ' ಎಂದಿತು. 2007ರಲ್ಲಿ 'ವೆರಿ ಲೈಕ್ಲಿ' ಎಂದಿತು, ಅಂದರೆ ಶೇ 90ಕ್ಕಿಂತ ಹೆಚ್ಚು ಸಂಭವ. 2013ರಲ್ಲಿ 'ಎಕ್ಸ್‌ಟ್ರೀಮ್ಲಿ ಲೈಕ್ಲಿ', ಶೇ 95ಕ್ಕಿಂತ ಹೆಚ್ಚು. 2021ರಲ್ಲಿ ಪ್ರಮಾಣಸೂಚಕದ ಹಂಗೇ ಇಲ್ಲದೆ, ಸಂದೇಹಕ್ಕೆ ಎಡೆಯಿಲ್ಲ ಎಂದಿತು. ಒಂದು ಪದ ಮೇಲೇರಲು ಸಾವಿರಾರು ಸಂಶೋಧನೆಗಳ ಪರಿಶೀಲನೆ ಬೇಕಾಯಿತು. ಗೆರೆ ಎಳೆದಲ್ಲಿ ಈ ಪದಗಳು ಅಳತೆಯಾಗುತ್ತವೆ, ಗೆರೆ ಎಳೆಯದ ದಿನನಿತ್ಯದ ಮಾತಿನಲ್ಲಿ ಅವುಗಳನ್ನು ಅಳತೆಯೆಂದು ನಂಬುವುದಕ್ಕೆ ಆಧಾರವಿಲ್ಲ.

ಇಂಗ್ಲಿಷ್ ತಾಯ್ನುಡಿಯವರೇ ಈ ಭೇದಗಳನ್ನು ಪಾಲಿಸುವುದಿಲ್ಲ, ಅವರ ಹುಡುಗರು ಎಲ್ಲದಕ್ಕೂ 'ಸೋ' ಎನ್ನುತ್ತಾರೆ, 'ರಿಯಲಿ' ಎನ್ನುತ್ತಾರೆ, ನಮಗೆ ಮಾತ್ರ ಯಾಕೆ ಈ ಕಟ್ಟುಪಾಡು ಎಂಬುದು ಗಟ್ಟಿಯಾದ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಇಂಗ್ಲೆಂಡಿನ ಯಾರ್ಕ್ ನಗರದ ಜನರ ಮಾತನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡಿದ ರಿಕಾ ಇಟೊ ಮತ್ತು ಸಾಲಿ ಟಾಗ್ಲಿಯಮಾಂಟೆ, ಹಿರಿಯರ ಬಾಯಲ್ಲಿ 'ವೆರಿ' ಹೆಚ್ಚಿದ್ದರೆ ಕಿರಿಯರ ಬಾಯಲ್ಲಿ 'ರಿಯಲಿ' ಹೆಚ್ಚು ಎಂದು 2003ರಲ್ಲಿ ತೋರಿಸಿದರು. 'ಫ್ರೆಂಡ್ಸ್' ಎಂಬ ಜನಪ್ರಿಯ ಟಿ.ವಿ. ಧಾರಾವಾಹಿಯ ಸಂಭಾಷಣೆಗಳಲ್ಲಿ 'ಸೋ' ಮೇಲುಗೈ ಪಡೆದದ್ದನ್ನು ಎರಡು ವರ್ಷದ ಮೇಲೆ ಬಂದ ಇನ್ನೊಂದು ಅಧ್ಯಯನ ಹೇಳಿತು. ಇದು ಇವತ್ತಿನ ಕತೆಯೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಬಲವಾಗಿ' ಎಂಬ ಅರ್ಥದ 'ಸ್ವೀಥೆ' ಈ ಕೆಲಸ ಮಾಡುತ್ತಿತ್ತು, ಅದು ಸವೆದು ಮರೆಯಾದಾಗ 'ಫುಲ್', 'ರೈಟ್' ಬಂದವು, ಅವುಗಳನ್ನು ಹಿಂದೆ ಹಾಕಿ 'ವೆರಿ' ಬಂತು. ಫ್ರೆಂಚಿನಿಂದ ಬಂದ ಆ ಪದಕ್ಕೆ ಮೂಲದಲ್ಲಿ 'ನಿಜವಾದ' ಎಂದೇ ಅರ್ಥ. ಹದಿನಾಲ್ಕನೆಯ ಶತಮಾನದ ಚಾಸರ್‌ನ ಕಾವ್ಯದಲ್ಲಿ ಅದು ಆ ಅರ್ಥದಲ್ಲೂ ಕಾಣಿಸುತ್ತದೆ. ಈಗ ಅದೇ 'ನಿಜವಾಗಿ' ಎಂಬ ಅರ್ಥದ 'ರಿಯಲಿ' ಅದನ್ನು ತಳ್ಳುತ್ತಿದೆ. ಹೆದರಿಕೆಯ ಪದಗಳಾಗಿದ್ದ 'ಟೆರಿಬ್ಲಿ', 'ಆಫುಲಿ' ಮೆಚ್ಚುಗೆಗೂ ಬಂದವು, ನಮ್ಮಲ್ಲಿ ಊಟ ಭಯಂಕರ ಚೆನ್ನಾಗಿತ್ತು ಎನ್ನುವ ಹಾಗೆ. ಬಡಗಣ ಕರ್ನಾಟಕದ 'ಭಾಳ', ಕರಾವಳಿಯ 'ಭಾರಿ' ಇದ್ದ ಹಾಗೇ ಇರಲು, ಬೆಂಗಳೂರಿನ ಹುಡುಗರು 'ಸಕ್ಕತ್' ತಂದುಕೊಂಡರು. ಉತ್ಸಾಹ ತುಂಬಿದ ಪದ ಬಳಸಿದಷ್ಟೂ ಸಪ್ಪೆಯಾಗುತ್ತದೆ, ಹೊಸದು ಬೇಕಾಗುತ್ತದೆ. ಆದರೆ ಈ ಗಲಾಟೆಯೆಲ್ಲ ನಡೆಯುವುದು ಮೇಲಕ್ಕೆತ್ತುವ ಪದಗಳ ಗುಂಪಿನಲ್ಲಿ ಮಾತ್ರ. 'ಆಲ್‌ಮೋಸ್ಟ್' ಎಂಬುದು ಹಳೆಯ ಇಂಗ್ಲಿಷಿನಿಂದ ಇಂದಿನವರೆಗೆ ನಡೆದುಬಂದಿದೆ. ಅದು ಉತ್ಸಾಹವನ್ನು ಹೇಳುವುದಿಲ್ಲ, ಸಂಗತಿಯನ್ನು ಹೇಳುತ್ತದೆ. ಆದ್ದರಿಂದ ಅದು ಸವೆಯುವುದಿಲ್ಲ.

ಇದೇ ಮಾತು ಮತ್ತೊಂದು ಆಕ್ಷೇಪಕ್ಕೂ ಉತ್ತರವಾಗುತ್ತದೆ. ಒಳ್ಳೆಯ ಇಂಗ್ಲಿಷ್ ಬರೆಯುವವರು ಇಂಥ ಪದಗಳನ್ನು ಕಿತ್ತುಹಾಕಿ ಎನ್ನುತ್ತಾರಲ್ಲ, ಕಲಿಯುವುದೇ ಯಾಕೆ? ವಿಲಿಯಂ ಸ್ಟ್ರಂಕ್ ಬರೆದು ಇ.ಬಿ. ವೈಟ್ 1959ರಲ್ಲಿ ವಿಸ್ತರಿಸಿದ ಪ್ರಸಿದ್ಧ ಶೈಲಿಪುಸ್ತಕ 'ವೆರಿ', 'ರಾದರ್', 'ಪ್ರಿಟಿ' ಮುಂತಾದವುಗಳನ್ನು ಗದ್ಯದ ರಕ್ತ ಹೀರುವ ಜಿಗಣೆಗಳಿಗೆ ಹೋಲಿಸಿದೆ. ಆ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ. ಒಂದು ಪ್ಯಾರಾದಲ್ಲಿ ನಾಲ್ಕು 'ವೆರಿ' ಇದ್ದರೆ ಮೂರನ್ನು ಹೊಡೆದುಹಾಕಿದರೂ ನಷ್ಟವಿಲ್ಲ. ಎಷ್ಟೋ ಸಲ 'ವೆರಿ ಟಯರ್ಡ್' ಬದಲು 'ಎಗ್ಸಾಸ್ಟೆಡ್' ಎನ್ನುವುದೇ ಮೇಲು. ಆದರೆ ಆ ಮಾತನ್ನು ಎಲ್ಲ ಪ್ರಮಾಣಸೂಚಕಗಳಿಗೂ ಹಬ್ಬಿಸುವುದು ಅವಿವೇಕ. ಸೇತುವೆ 'ಆಲ್‌ಮೋಸ್ಟ್ ಕಂಪ್ಲೀಟ್' ಎಂಬ ವರದಿಯಲ್ಲಿ ಮೊದಲ ಪದ ತೆಗೆದರೆ ಜನ ಮುಗಿಯದ ಸೇತುವೆಯ ಮೇಲೆ ಗಾಡಿ ಓಡಿಸುತ್ತಾರೆ. ರೋಗಿ 'ಬೇರ್ಲಿ ಕಾನ್ಷಿಯಸ್' ಎಂಬುದರಲ್ಲಿ 'ಬೇರ್ಲಿ' ಬಿಟ್ಟರೆ ತುರ್ತು ಚಿಕಿತ್ಸೆ ಬೇಕಾದವರು ಆರಾಮಾಗಿದ್ದಾರೆ ಎಂದಾಗುತ್ತದೆ. 'ಹಿ ಹಾರ್ಡ್ಲಿ ವರ್ಕ್ಸ್' ಎಂಬುದಕ್ಕೂ 'ಹಿ ವರ್ಕ್ಸ್ ಹಾರ್ಡ್' ಎಂಬುದಕ್ಕೂ ಸೋಮಾರಿಗೂ ದುಡಿಮೆಗಾರನಿಗೂ ಇರುವಷ್ಟು ಅಂತರವಿದೆ. 'ಟೂ', 'ಎನಫ್', 'ನಿಯರ್ಲಿ', 'ಸ್ಕೇರ್ಸ್ಲಿ' ಇವೆಲ್ಲ ವಾಕ್ಯದ ಸತ್ಯವನ್ನೇ ಬದಲಿಸುವ ಪದಗಳು. ವಿಪರ್ಯಾಸವೆಂದರೆ ನಮ್ಮ ತರಗತಿಗಳು 'ವೆರಿ'ಯ ಬದಲಿ ಪದಗಳಿಗೆ ಕೊಡುವ ಸಮಯದಲ್ಲಿ ಅರ್ಧದಷ್ಟನ್ನೂ ಇವುಗಳಿಗೆ ಕೊಡುವುದಿಲ್ಲ.

ಕೊನೆಯದಾಗಿ ಪರೀಕ್ಷೆಯ ನೆಪ. ಪದವೈವಿಧ್ಯಕ್ಕೆ ಅಂಕವಿದೆ, ಆದ್ದರಿಂದ ಬೇರೆ ಬೇರೆ ಪದ ಹಾಕಲೇಬೇಕು ಎಂದು ಐಇಎಲ್‌ಟಿಎಸ್ ಬರೆಯುವವರು ಹೇಳುತ್ತಾರೆ. ಅಂಕವಿರುವುದು ಹೌದು; ಬರವಣಿಗೆಯ ನಾಲ್ಕು ಮಾನದಂಡಗಳಲ್ಲಿ ಪದಸಂಪತ್ತು ಒಂದು. ಆದರೆ ಅದೇ ಪರೀಕ್ಷೆಯ ಪ್ರಕಟಿತ ಮಾನದಂಡ 7ನೆಯ ಬ್ಯಾಂಡ್ ಪಡೆಯಲು ಶೈಲಿಯ ಮತ್ತು ಪದಗಳ ಜೊತೆಗಾರಿಕೆಯ ಅರಿವು ಇರಬೇಕು ಎನ್ನುತ್ತದೆ. ಜೊತೆ ತಪ್ಪಿದ ಅಪರೂಪದ ಪದಕ್ಕಿಂತ ಜೊತೆ ಸರಿಯಿರುವ ಸಾದಾ 'ವೆರಿ' ಮೇಲು. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಪಟ್ಟಿಯನ್ನು ಬದಿಗಿಡಿ. ನೀವು ದಿನವೂ ಬಳಸುವ ಗುಣವಾಚಕಗಳನ್ನು ನೋಟ್‌ಬುಕ್ಕಿನ ಎಡಗಡೆ ಬರೆದುಕೊಳ್ಳಿ: 'ಡಿಸಪಾಯಿಂಟೆಡ್', 'ಅವೇರ್', 'ಡಿಫರೆಂಟ್', 'ಇಂಪಾರ್ಟೆಂಟ್', 'ಡ್ಯಾಮೇಜ್ಡ್', ಹೀಗೆ. ಆಕ್ಸ್‌ಫರ್ಡ್ ಕೊಲೊಕೇಷನ್ಸ್ ಡಿಕ್ಷನರಿಯಲ್ಲಿ ಪ್ರಮಾಣಸೂಚಕವನ್ನು ಹುಡುಕಬೇಡಿ, ಗುಣವಾಚಕವನ್ನು ಹುಡುಕಿ. ಅದರ ಜೊತೆಗಾರರು ಅಲ್ಲೇ ಸಾಲಾಗಿ ಸಿಗುತ್ತಾರೆ. ಅವರಲ್ಲಿ ಇಬ್ಬರನ್ನು ಬಲಗಡೆ ಬರೆಯಿರಿ, ಒಂದೊಂದು ವಾಕ್ಯ ಕಟ್ಟಿ ನೋಡಿ. ನೀವು ಶಿಕ್ಷಕರಾಗಿದ್ದರೆ, ಮಕ್ಕಳಿಗೆ 'ವೆರಿ'ಯ ಸಮಾನಾರ್ಥಕ ಬರೆಯಿರಿ ಎಂಬ ಪ್ರಶ್ನೆ ಕೊಡುವುದನ್ನು ಈ ವರ್ಷವೇ ನಿಲ್ಲಿಸಿ, ಅದರ ಬದಲು ಗುಣವಾಚಕ ಕೊಟ್ಟು ಜೊತೆಗಾರನನ್ನು ಕೇಳಿ.